ವೆಂಡೆಲ್ ಕ್ರೌಸನ ಕಾನೂನುಬದ್ಧ ಎಂಜಿನ್

ವೆಂಡೆಲ್ ಕ್ರೌಸನ ಹಳೆಯ ವಿಮಾನ ಎಷ್ಟು ನಿಧಾನವೆಂದರೆ, ಅದು ಓಟ ಶುರುಮಾಡಿದಾಗ ಬಾಲದ ಮೇಲೆ ಕೂತ ಗುಬ್ಬಿಯೊಂದು ಗೂಡು ಕಟ್ಟಿ, ಮೊಟ್ಟೆಯಿಟ್ಟು, ಚಕ್ರ ನೆಲ ಬಿಡುವಷ್ಟರಲ್ಲಿ ಮರಿಗಳಿಗೆ ಹಾರುವುದನ್ನೂ ಕಲಿಸಿಬಿಟ್ಟಿತ್ತು. ನೆಬ್ರಾಸ್ಕದ ನಮ್ಮ ಹುಲ್ಲು ರನ್‌ವೇಯಲ್ಲಿ ಇದನ್ನು ಕಣ್ಣಾರೆ ಕಂಡವರು ಇನ್ನೂರು ಜನ ಇದ್ದಾರೆ. ಊರಲ್ಲಿರುವುದೇ ಅರವತ್ತು ಜನ ಎನ್ನುವುದು ಬೇರೆ ಮಾತು.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ತಯಾರಾದ ಆ ಎರಡು ಸೀಟಿನ ವಿಮಾನ ಒಬ್ಬರನ್ನು ಹೊತ್ತು ಹೇಗೋ ಏದುಸಿರು ಬಿಡುತ್ತ ಏಳುತ್ತಿತ್ತು. ಇಬ್ಬರು ಕೂತರೆ ಪಕ್ಕದ ಜೋಳದ ಹೊಲಕ್ಕೆ ನುಗ್ಗುತ್ತಿತ್ತು. ಹೀಗಾಗಿ ಹೆಂಡತಿ ಓಪಲ್ ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಚಳಿಗಾಲದಲ್ಲೇ ಅವಳು ಹೇಳಿಬಿಟ್ಟಿದ್ದಳು: "ಜೂನ್ ತಿಂಗಳಲ್ಲಿ ರನ್‌ವೇ ಹತ್ರ ಎಲ್ರೂ ಸೇರಿ ಪ್ಯಾನ್‌ಕೇಕ್ ತಿನ್ನೋ ಶನಿವಾರ ನನ್ನನ್ನ ಮೇಲೆ ಕರ್ಕೊಂಡು ಹೋಗು. ಇಲ್ಲಾಂದ್ರೆ ಅದನ್ನ ಮಾರು."

ವೆಂಡೆಲ್ ದೊಡ್ಡ ಎಂಜಿನ್ ಕೂರಿಸಿದ. ಎಲ್ಲವೂ ಕಾನೂನು ಪ್ರಕಾರ: ಆ ಮಾದರಿಯ ವಿಮಾನಕ್ಕೆ ಆ ಎಂಜಿನ್ ಹಾಕಬಹುದೆಂಬ ಸರ್ಕಾರದ ಒಪ್ಪಿಗೆಯೂ ಬಂತು. ಉಳಿದದ್ದು ಇಷ್ಟೇ, ವಿಮಾನವನ್ನು ತೂಗಿ ಗ್ಲೆನ್ನಾ ಸ್ಟ್ರೋಬೆಲ್ ಸಹಿ ಹಾಕುವುದು. ತಪಾಸಣೆಯ ಅಧಿಕಾರವಿದ್ದ ಈ ಮೆಕ್ಯಾನಿಕ್ ಒಮ್ಮೆ ಗುರಾಯಿಸಿದರೆ ಸಾಕು, ಬೋಲ್ಟಿನ ತುಕ್ಕು ತಾನಾಗಿಯೇ ಉದುರುತ್ತಿತ್ತು.

ಆ ಶನಿವಾರ ಬೆಳಗ್ಗೆ ಗ್ಲೆನ್ನಾ ಮೂರು ಚಕ್ರಗಳ ಕೆಳಗೂ ತೂಕದ ಯಂತ್ರ ಇಟ್ಟಳು. ಅಕ್ಕಪಕ್ಕದ ವಿಮಾನದ ಶೆಡ್ಡಿನವರೆಲ್ಲ ಕಾಫಿ ಹಿಡಿದು ಸುತ್ತುಗಟ್ಟಿದರು.

"ಎಂಜಿನ್ ಭರ್ಜರಿಯಾಗಿದೆ ವೆಂಡೆಲ್. ಆದ್ರೆ ಕಾನೂನಲ್ಲಿ ಒಟ್ಟು ತೂಕದ ಮಿತಿ ಹಳೇದೇ. ಎಂಜಿನ್ ದಪ್ಪ ಆದಷ್ಟೂ ಒಳಗೆ ಕೂರೋರು ತೆಳ್ಳಗಾಗ್ಬೇಕು. ನಿನ್ನ ತೂಕ ಎಷ್ಟು?" ಎಂದಳು ಗ್ಲೆನ್ನಾ.

"ನೂರ ಎಪ್ಪತ್ತು ಪೌಂಡು," ಎಂದ ವೆಂಡೆಲ್, ರೆಪ್ಪೆ ಬಡಿಯದೆ.

ಓಪಲ್ ತನ್ನ ತೂಕ ಹೇಳಿದಳು. ಗ್ಲೆನ್ನಾ ಕೂಡಿ ಕಳೆದು, "ಇನ್ನೂ ನಲವತ್ತು ಪೌಂಡು ಇಳೀಬೇಕು," ಎಂದಳು.

ನೆರೆಯವರಿಗೆ ಅಷ್ಟೇ ಸಾಕಾಯಿತು. ಪಕ್ಕದ ಶೆಡ್ಡಿನ ಡೆಲ್ಬರ್ಟ್ ಕೂಡ ಪೈಲಟ್ಟೇ, ಆಸಾಮಿ ಎಷ್ಟು ಸಣಕಲನೆಂದರೆ, ಬಿಸಿಲಿಗೆ ನಿಂತರೆ ನೆರಳು ಬೀಳುವುದೋ ಬೇಡವೋ ಎಂದು ಯೋಚಿಸುತ್ತಿತ್ತು. ಅವನೇ ಮೊದಲು ಸ್ಕ್ರೂಡ್ರೈವರ್ ಹಿಡಿದ.

"ಜೂನಲ್ಲಿ ಹೀಟರ್ ಯಾಕೋ ಮಾರಾಯ? ಕಿತ್ತಾಕು!"

ಹೀಟರ್ ಹೋಯಿತು. ರೇಡಿಯೊ, ಚಕ್ರದ ಕವಚ, ನೆಲಹಾಸು ಎಲ್ಲ ಹೋದವು. ಯಾರೋ ಬಾಗಿಲಿಗೂ ಕೈ ಹಾಕಿದರು.

"ಬಾಗಿಲು ಮುಟ್ಟಿದ್ರೆ ಕೈ ಮುರೀತೀನಿ!" ಎಂದು ಗ್ಲೆನ್ನಾ ಗದರಿದಳು.

ಅಷ್ಟರಲ್ಲಿ ವಿಮಾನ ಪುಕ್ಕ ಕಿತ್ತ ಕೋಳಿಯಂತೆ ನಾಚಿ ನಿಂತಿತ್ತು. ಗ್ಲೆನ್ನಾ ಮತ್ತೆ ತೂಗಿ ತಲೆಯಾಡಿಸಿದಳು. "ಸರಿಹೋಯ್ತು. ಇಬ್ರೂ ಹೋಗಬಹುದು."

ವೆಂಡೆಲ್ ಓಪಲ್‌ಳ ಕೈ ಹಿಡಿದು ಒಂದು ಸುತ್ತು ಕುಣಿದ. ಆ ಕುಣಿತಕ್ಕೆ ಶೆಡ್ಡಿನ ತಗಡು ಗಡಗಡ ನಡುಗಿತು. ಗ್ಲೆನ್ನಾ ತಗಡನ್ನು ನೋಡಿದಳು, ಆಮೇಲೆ ವೆಂಡೆಲ್‌ನನ್ನು.

"ಒಂದ್ನಿಮಿಷ. ಇಬ್ರೂ ತೂಕದ ಯಂತ್ರ ಹತ್ತಿ."

ಓಪಲ್ ಹತ್ತಿ ಇಳಿದಳು. ಹೇಳಿದ್ದಕ್ಕೂ ತೂಗಿದ್ದಕ್ಕೂ ತಾಳೆಯಾಯಿತು. ವೆಂಡೆಲ್ ಬೂಟು ಬಿಚ್ಚಿದ, ಬೆಲ್ಟು ಬಿಚ್ಚಿದ, ಬೀಗದ ಕೈ ಎಸೆದ, ಉಸಿರು ಬಿಗಿಹಿಡಿದು ಹತ್ತಿದ.

"ಇನ್ನೂರ ಮೂವತ್ತೆರಡು!" ಎಂದು ಎಲ್ಲರೂ ಒಕ್ಕೊರಲಿನಿಂದ ಓದಿದರು.

"ಗಾಳಿ ಜಾಸ್ತಿ ಇದೆ," ಎಂದ ವೆಂಡೆಲ್. ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ನೀನು ಒಬ್ನೇ ಹೋಗು, ಇಲ್ಲ ಓಪಲ್ ಇನ್ಯಾರ ಜೊತೆಗಾದ್ರೂ ಹೋಗ್ಲಿ," ಎಂದು ಗ್ಲೆನ್ನಾ ಸಹಿ ಹಾಕಿಬಿಟ್ಟಳು.

ಎಲ್ಲರ ಕಣ್ಣೂ ಡೆಲ್ಬರ್ಟ್‌ನ ಮೇಲೆ ಬಿತ್ತು. ಅವನು ಆಗಲೇ ಟೋಪಿ ತಿರುಗಿಸಿ ಹಾಕಿಕೊಂಡಿದ್ದ.

ಹೊಸ ಎಂಜಿನ್ ಗುಡುಗಿತು. ವಿಮಾನ ಡೆಲ್ಬರ್ಟ್‌ನನ್ನೂ ಓಪಲ್‌ಳನ್ನೂ ಹೊತ್ತು ಬಾಣದಂತೆ ಏರಿತು. ವೆಂಡೆಲ್ ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಂತು ತಾನೇ ದುಡ್ಡು ಸುರಿದ ಸದ್ದನ್ನು ಕೇಳಿಸಿಕೊಂಡ.

ಓಪಲ್ ಕೆನ್ನೆ ಕೆಂಪಾಗಿ ನಗುತ್ತ ಇಳಿದಳು. "ಮಾರೋ ಮಾತೇ ಇಲ್ಲ! ಡೆಲ್ಬರ್ಟ್, ಮುಂದಿನ ಶನಿವಾರಾನೂ ಬರ್ತೀಯಲ್ಲ?"

"ಓಪಲ್," ಎಂದು ವೆಂಡೆಲ್ ಗೊಣಗಿದ, "ನೂರ ಎಪ್ಪತ್ತು ಅಂತ ನಾನೇನು ಸುಮ್ನೆ ಹೇಳಿದ್ದಲ್ಲ. ನಮ್ಮ ಮದುವೆ ದಿನ ಅಷ್ಟೇ ಇದ್ದೆ."

"ನಿನ್ನ ಸೂಟು ಹೊಲಿದಿದ್ದು ನಮ್ಮಮ್ಮ ಕಣೋ. ಅಳತೆ ಅವಳ ಬಾಯಲ್ಲೇ ಕೇಳಿದ್ದೀನಿ, ಅದು ನೂರ ಎಪ್ಪತ್ತರದ್ದಲ್ಲ."

ವೆಂಡೆಲ್ ಬೆಲ್ಟನ್ನು ಕೊನೆಯ ತೂತಿಗೆ ಸಿಕ್ಕಿಸಿಕೊಂಡ.

"ಹೌದು ಕಣೇ. ಆಗ್ಲೂ ಹೇಳಿದ್ದು ಸುಳ್ಳೇ."