ಐದೈದಾಗಿ ಎಣಿಸುವ ಭಾವ

ನಮ್ಮ ಭಾವನಿಗೆ ಒಂದು, ಎರಡು, ಮೂರು ಎಂದು ಎಣಿಸಲು ಬರುವುದಿಲ್ಲ ಎಂದರೆ ನೀವು ನಂಬಲಾರಿರಿ! ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನ ಔಷಧದಂಗಡಿಯೊಂದರಲ್ಲಿ ನಲವತ್ತು ವರ್ಷ ಕೌಂಟರಿನ ಹಿಂದೆ ನಿಂತು, ಮಾತ್ರೆಗಳನ್ನು ಟ್ರೇ ಮೇಲೆ ಸುರಿದು, ಚಪ್ಪಟೆ ಪಟ್ಟಿಯಿಂದ ಐದೈದಾಗಿ ಸರಿಸಿದವರು. ಈಗ ನಿವೃತ್ತರು. ಆದರೆ ಅದನ್ನು ಕೈಗೆ ಯಾರು ಹೇಳಬೇಕು? ನಮ್ಮ ಮನೆಯಲ್ಲಿ ಹನ್ನೆರಡು ಕೋಡುಬಳೆ ಕೊಟ್ಟರೆ, ಚಮಚದಿಂದ ಐದೈದು ಸರಿಸಿ, ಉಳಿದ ಎರಡನ್ನು ನೋಡಿ, "ಇನ್ನೂ ಮೂರು ಹಾಕಮ್ಮ, ಗುಂಪು ಪೂರ್ತಿಯಾಗ್ಲಿ" ಎಂದು ನನ್ನ ಹೆಂಡತಿಗೆ ಹೇಳುತ್ತಾರೆ. ಹದಿನೈದನ್ನೂ ಮುಗಿಸಿ ಏಳುತ್ತಾರೆ.

ಬೆಳಗ್ಗೆ ಐದಕ್ಕೆ ಎದ್ದು, ಹನ್ನೆರಡೂವರೆಗೆ ಸರಿಯಾಗಿ ಉಣ್ಣುವ ನನಗೇ ಇದು ಅತಿಯೆನಿಸಿದೆ ಎಂದರೆ ನೀವೇ ಊಹಿಸಿ.

ಅವರ ಪಾಲಿನ ಹಬ್ಬವೆಂದರೆ ಫಾರ್ಮಸಿಸ್ಟರ ಸಂಘದ ರಾಷ್ಟ್ರೀಯ ಸಮಾವೇಶ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬ್ರದರ್. ಹೆಂಗಸರೂ ಬ್ರದರ್! ಡೆಟ್ರಾಯಿಟ್‌ನಲ್ಲಿ ಜೊತೆಗೆ ಓದಿದ, ಭಾವನೂ ಸೇರಿ ಐವರು ಗೆಳೆಯರು ಕೊನೆಯ ದಿನದ ಔತಣಕ್ಕೆ ಒಂದೇ ಮೇಜಿನಲ್ಲಿ ಕೂರಬೇಕೆಂಬುದು ಅವರ ನಡುವಿನ ಕರಾರು. "ನಿನ್ನ ಮದುವೆಗೆ ಲೇಟಾಗಿ ಬಂದ್ರು, ಇದಕ್ಕೆ ಮಾತ್ರ ಒಂದು ದಿನ ಮುಂಚೆ" ಎಂದು ಅಕ್ಕ ಇಂದಿಗೂ ಚುಚ್ಚುತ್ತಾಳೆ.

ಐವರು ನಾಲ್ವರಾದರು, ಮೂವರಾದರು, ಇಬ್ಬರಾದರು. ಕಳೆದ ಚಳಿಗಾಲದಲ್ಲಿ ಉಳಿದ ಒಬ್ಬ ಗೆಳೆಯನೂ ತೀರಿಕೊಂಡ. ಈ ಸಲದ ಸಮಾವೇಶ ಷಿಕಾಗೋ ಬಳಿ. ಭಾವ ಪೆಟ್ಟಿಗೆಯನ್ನೇ ಕೆಳಗಿಳಿಸಿಲ್ಲವೆಂದು ಅಕ್ಕ ಫೋನ್ ಮಾಡಿದಳು. ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯಿಂದ ಹೊರಟು ಅವರ ಮುಂದೆ ಹೋಗಿ ಕೂತೆ.

"ಒಂದೇ ಒಂದು ಮಾತ್ರೆ ಎಣಿಸೋಕೆ ಟ್ರೇ ಯಾಕೋ?" ಎಂದರು.

ನಾಳೆ ಆರಕ್ಕೆ ಕಾರು ಹೊರಡುತ್ತದೆ ಎಂದೆ, ಹೊರಟಿತು. ಮುನ್ನೂರು ಮೈಲಿ ದಾರಿಯಲ್ಲಿ ಭಾವ ಹೆದ್ದಾರಿಯ ಎಕ್ಸಿಟ್‌ಗಳನ್ನೂ ಎಣಿಸಲಿಲ್ಲ.

ಔತಣದಲ್ಲಿ ಎಂದಿನಂತೆ ಅವರ ಹೆಸರಿನಲ್ಲಿ ಐದು ಕುರ್ಚಿಯ ಮೇಜು ಕಾದಿತ್ತು. ನಾನು ಪಕ್ಕದಲ್ಲಿ ಕೂರಹೋದರೆ, "ನೀನು ಗೆಸ್ಟು ಕಣೋ. ಅದು ಬ್ರದರ್ ಜಾಗ" ಎಂದು ತಡೆದರು. ನಿಂತೇ ಇದ್ದೆ.

ಅಷ್ಟರಲ್ಲಿ ತಟ್ಟೆ ಹಿಡಿದ ಮೂವರು ಫಾರ್ಮಸಿ ವಿದ್ಯಾರ್ಥಿನಿಯರು ಬಂದು, ಬೇರೆಲ್ಲೂ ಜಾಗವಿಲ್ಲ, ಇಲ್ಲಿ ಕೂರಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭಾವ ಖಾಲಿ ಕುರ್ಚಿಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಒಂದು, ಎರಡು, ಮೂರು ಎಂದು ಎಳೆದುಕೊಟ್ಟರು. ಪ್ರತಿ ಕುರ್ಚಿಗೂ ಬಾಯೊಳಗೇ ಒಂದು ಹೆಸರು ಹೇಳಿಕೊಂಡಂತಿತ್ತು.

ಕೊನೆಯದರ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದರು.

"ಬಾರೋ," ಎಂದರು. "ನಾಲ್ಕಕ್ಕೆ ನಿಲ್ಲಿಸಬಾರದು."