ಬರೆದ ಕಾಗದ ಬಟವಾಡೆಯಾಗಲೇಬೇಕು

ನಮ್ಮ ದೊಡ್ಡಪ್ಪ ಪೋಸ್ಟ್‌ಮನ್ ಕೆಲಸದಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಈ ಸುದ್ದಿ ಅವರೊಬ್ಬರನ್ನು ಬಿಟ್ಟು ಇಡೀ ಹನೂರಿಗೆ ಗೊತ್ತು! ಮಡಚಿದ ಕಾಗದ ಕಂಡರೆ ಸಾಕು, ಅವರ ಕೈ ತಾನಾಗಿ ಸ್ಟಾಂಪು ಹುಡುಕುತ್ತದೆ. ಒಮ್ಮೆ ದೊಡ್ಡಮ್ಮ, ಮೂರು ಮನೆ ಆಚೆಯ ಅಂಗಡಿಗೆ ಕೊಟ್ಟು ಬನ್ನಿ ಎಂದು ಸಾಮಾನಿನ ಚೀಟಿ ಕೊಟ್ಟರು. ಇವರು ಅದನ್ನು ಕವರಿಗೆ ಹಾಕಿ, ವಿಳಾಸ ಬರೆದು, ಪೋಸ್ಟ್ ಡಬ್ಬಕ್ಕೆ ಹಾಕಿ ಬಂದರು. ಯುಗಾದಿಯ ಬೇಳೆ ಬೆಲ್ಲ ಯುಗಾದಿ ಕಳೆದ ನಾಲ್ಕನೇ ದಿನ ಬಂತು. ಆ ವರ್ಷ ನಾವು ಒಬ್ಬಟ್ಟು ತಿಂದದ್ದು ಹಾಗೆ.

ಇಂಥವರ ಕೈಗೆ ಒಂದು ಹುಡುಗಿಯ ಭವಿಷ್ಯ ಒಪ್ಪಿಸಿದ ಮಹಾನುಭಾವ ನಾನೇ!

ನನ್ನ ಅಕ್ಕನನ್ನು ಗಡಿಯಾಚೆ, ತಮಿಳುನಾಡಿನ ಬರಗೂರು ಬೆಟ್ಟಕ್ಕೆ ಕೊಟ್ಟಿದೆ. ಅವಳ ಮಗಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ದನದ ಡಾಕ್ಟರಾಗಬೇಕೆಂಬುದು ಅವಳ ಚಿಕ್ಕಂದಿನ ಆಸೆ. ಗಡಿನಾಡ ಕನ್ನಡಿಗರ ಕೋಟಾದಲ್ಲಿ ಕರ್ನಾಟಕದಲ್ಲೇ ಸೀಟು ಸಿಗುವಂತಿತ್ತು. ಆದರೆ ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕು. ಬೆಟ್ಟದ ದನಗಳನ್ನೆಲ್ಲ ಕನ್ನಡದಲ್ಲೇ ಬೈದು ಬೆಳೆದವಳಿಗೆ ಕನ್ನಡದ ಪರೀಕ್ಷೆಯೇ? ಆದರೆ ತೊಂದರೆ ಅಲ್ಲೇ ಇತ್ತು. ಬಾಯಿಗೆ ಬರುವ ಕನ್ನಡ ಅವಳ ಕೈಗೆ ಬರುತ್ತಿರಲಿಲ್ಲ. ಫೇಲಾದರೆ ಸೀಟಿಲ್ಲ. ಮಕ್ಕಳಿಲ್ಲದ ದೊಡ್ಡಪ್ಪನ ಮನೆಯಲ್ಲಿ ಎರಡು ತಿಂಗಳು ಇದ್ದು ಕಲಿಯಲಿ ಎಂದು ಬಿಟ್ಟು ಬಂದೆ.

ಮೊದಲ ದಿನವೇ ಅವಳು ಒಂದು ಕಾಗದ ಬರೆದು ತೋರಿಸಿದಳು. ಮಾತೆಲ್ಲ ಕನ್ನಡ, ಅಕ್ಷರವೆಲ್ಲ ತಮಿಳು! ದೊಡ್ಡಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ನ ಯಾರ್ ಮನ್ಗೆ ಕೊಡ್ಲವ್ವಾ ನಾನು?"

ಪರೀಕ್ಷೆಯಲ್ಲಿ ಪತ್ರಲೇಖನವಿರುತ್ತದೆಂದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ದಿನಕ್ಕೊಂದು ಕಾಗದ ಬರೆಸತೊಡಗಿದರು. ಮಾದರಿ ಪತ್ರಗಳಲ್ಲಿ ಹೆಸರಿನ ಜಾಗದಲ್ಲಿ ಹಾಕುವ 'ಅಬಕ' ಅವರಿಗೆ ಸೇರದು. "ಇಲ್ದಿರೋರ್ಗೆ ಬರೀಬಾರ್ದು ಕಣವ್ವ, ವಾಪಸ್ ಬತ್ತದೆ," ಎಂದು ತಮ್ಮ ನೆನಪಿನಲ್ಲಿದ್ದ ನಿಜವಾದ ವಿಳಾಸಗಳನ್ನೇ ಹಾಕಿಸಿದರು. ಹಾಕಿಸಿದ ಮೇಲೆ? ಬರೆದ ಕಾಗದ ಬಟವಾಡೆಯಾಗಲೇಬೇಕಲ್ಲ!

ಒಂದು ಬೆಳಿಗ್ಗೆ ಕೊಳ್ಳೇಗಾಲದ ನಮ್ಮ ಆಫೀಸಿನಲ್ಲಿ ಸಾಹೇಬರು ನನ್ನನ್ನು ಕಂಡು ಹೌಹಾರಿದರು. "ಭೇದಿ ಇಟ್ಕೊಂಡು ಯಾಕ್ರೀ ಬಂದ್ರಿ? ನಾಲ್ಕು ದಿನ ರಜೆ ಕೊಟ್ಟಿದೀನಲ್ಲ!" ಮೇಜಿನ ಮೇಲೆ ಹುಡುಗಿಯ ದುಂಡಗಿನ ಅಕ್ಷರದ ರಜಾ ಅರ್ಜಿ, ಕೆಳಗೆ ನನ್ನ ಹೆಸರು. ಇಡೀ ವಾರ ಸಹೋದ್ಯೋಗಿಗಳು ನನಗೆ ಮಜ್ಜಿಗೆ ತಂದುಕೊಟ್ಟರು.

ಆಮೇಲಿನದು ಅಗರದ ಪ್ರಕರಣ. ಅಲ್ಲಿ ದೊಡ್ಡಪ್ಪನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ಮದುವೆಯಾಗಿಯೇ ನಲವತ್ತು ವರ್ಷವಾಗಿರಬೇಕು. ಅವರಿಗೊಂದು ಕಾರ್ಡು ಹೋಯಿತು: 'ನಿಮ್ಮ ಮದುವೆಗೆ ಬರಲಾಗಲಿಲ್ಲ, ಕ್ಷಮಿಸಿ. ನವದಂಪತಿಗಳಿಗೆ ಶುಭವಾಗಲಿ.' ಹುಡುಗಿಯ ಬರಹ ಬೇರೆ! ಆತನ ಹೆಂಡತಿ ಯಳಂದೂರಿಗೆ ಬಂದು, ಅಲ್ಲಿಂದ ಬಸ್ಸು ಹತ್ತಿ, ಕಾರ್ಡು ಹಿಡಿದು ಹನೂರಿಗೇ ಬಂದಿಳಿದರು.

"ನಮ್ಮೆಜ್ಮಾನ್ರು ಇನ್ನೊಂದ್ ಮದ್ವೆ ಆಗವ್ರಂತಲ್ಲ, ಎಲ್ ಮಡ್ಗವ್ರೆ ಅವ್ಳ? ಯೋಳಿ!"

ದೊಡ್ಡಪ್ಪ ಕಾರ್ಡು ತೆಗೆದುಕೊಂಡು ಮುದ್ರೆಯ ತಾರೀಖು ನೋಡಿದರು. ಮುಖ ಅರಳಿತು.

"ಎರಡೇ ದಿವ್ಸಕ್ಕೆ ಬಂದದಲ್ಲ! ಪರ್ವಾಗಿಲ್ಲ ಕಣವ್ವ, ನಮ್ ಡಿಪಾರ್ಟ್‌ಮೆಂಟು ಇನ್ನೂ ಗಟ್ಟಿಯಾಗದೆ!"

ದೊಡ್ಡಮ್ಮ ಆಕೆಗೆ ಊಟ ಹಾಕಿ, ಸೀರೆ ಉಡಿಸಿ ಕಳಿಸಬೇಕಾಯಿತು.

ಅಂತೂ ಹುಡುಗಿ ಪರೀಕ್ಷೆ ಬರೆದಳು. ಹೇಗೆ ಬರೆದೆ ಎಂದರೆ, "ಗೊತ್ತಿಲ್ಲ ಮಾವ," ಎಂದು ಅತ್ತಳು. ಬೆಟ್ಟಕ್ಕೆ ಹೊರಟವಳಿಗೆ ದೊಡ್ಡಪ್ಪ ಒಂದು ಇನ್‌ಲ್ಯಾಂಡ್ ಕೊಟ್ಟರು. "ರಿಸಲ್ಟ ಫೋನ್ನಲ್ಲಿ ಯೋಳ್ಬ್ಯಾಡ. ಬರ್ದು ಕಳ್ಸು. ಅಲ್ಲೀಗಂಟ ತಡಕಂಡಿರ್ತೀನಿ."

ಫಲಿತಾಂಶ ಬಂದ ದಿನ ನಾನು ಫೋನು ಮಾಡಿದರೆ, "ಮೊದ್ಲು ತಾತಂಗೆ, ಆಮೇಲೆ ನಿಮ್ಗೆ," ಎಂದು ಇಟ್ಟೇಬಿಟ್ಟಳು. ತಡೆಯಲಾರದೆ ಹನೂರಿಗೆ ಓಡಿದೆ. ದೊಡ್ಡಪ್ಪ ಜಗಲಿ ಬಿಟ್ಟು ಕದಲುತ್ತಿರಲಿಲ್ಲ. ಊಟವೂ ಅಲ್ಲೇ. ಸೀಟು ತಪ್ಪಿದರೆ ತಪ್ಪು ನನ್ನದೇ ಎಂದು ನನಗೂ ಅನ್ನ ಸೇರಲಿಲ್ಲ.

ಐದನೇ ದಿನ ಸ್ಕೂಟರಿನಲ್ಲಿ ಹೊಸ ಪೋಸ್ಟ್‌ಮನ್ ಹೆಣ್ಣುಮಗಳು ಬಂದು ಇನ್‌ಲ್ಯಾಂಡ್ ಚಾಚಿದಳು. ಅಷ್ಟು ಕಾದಿದ್ದ ದೊಡ್ಡಪ್ಪ ಈಗ ಕೈ ನೀಡಲಿಲ್ಲ.

"ಇಂಗಲ್ಲ ಕಣವ್ವ. ಗೇಟಾಚೆ ನಿಂತ್ಕಂಡು ಎಸ್ರಿಡ್ದು ಕೂಗು."

ಆಕೆ ನಗುತ್ತ ಗೇಟಿನಾಚೆ ಹೋದಳು. ಇವರು ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತರು. ಆಕೆ ಬೀದಿಗೆಲ್ಲ ಕೇಳುವಂತೆ ಅವರ ಪೂರ್ತಿ ಹೆಸರು ಕೂಗಿ, "ಪೋಸ್ಟ್!" ಎಂದಳು.

"ನಂಗಾ?" ಎನ್ನುತ್ತ ದೊಡ್ಡಪ್ಪ ಹೊರಗೆ ಬಂದರು.

ರಾಮಾಪುರ, ಮಾರ್ಟಳ್ಳಿಗಳವರೆಗೆ ಸೈಕಲ್ಲು ತುಳಿದು ಊರವರ ಹೆಸರನ್ನೆಲ್ಲ ಕೂಗಿದ ಮನುಷ್ಯ. ಅವರ ಹೆಸರನ್ನು ಯಾರೂ ಹೀಗೆ ಕೂಗಿದ್ದೇ ಇಲ್ಲವೆಂದು ನನಗೆ ಹೊಳೆದದ್ದು ಆಗ. ಕಾಗದ ಬಿಡಿಸಿದರು, ಕಣ್ಣು ಮಂಜಾಗಿ ನನ್ನ ಕೈಗೆ ಕೊಟ್ಟರು. ಗಟ್ಟಿಯಾಗಿ ಓದಿದೆ:

'ತಾತನವರಿಗೆ ಮೊಮ್ಮಗಳ ನಮಸ್ಕಾರಗಳು. ನಾನು ಪಾಸಾದೆ. ಇದು ನಾನು ಯಾರೂ ಹೇಳಿಕೊಡದೆ ಬರೆದ ಮೊದಲನೇ ಕಾಗದ. ಇದನ್ನು ಮಾತ್ರ ಬೇರೆ ಯಾರಿಗೂ ಪೋಸ್ಟ್ ಮಾಡಬೇಡಿ ತಾತ. ಇದು ನಿಮಗೇ.'

ದೊಡ್ಡಪ್ಪ ಕಾಗದವನ್ನು ನನ್ನಿಂದ ಈಸಿಕೊಂಡು, ಮಡಚಿ, ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿದರು. ಸ್ಟಾಂಪು ಹುಡುಕಲಿಲ್ಲ.