ಟವೆಲ್ಲಿಗೆ ಸಿಕ್ಕ ಸೀಟು

ದಾವಣಗೆರೆ ನಿಟ್ಟುವಳ್ಳಿಯ ಹನುಮೇಶನಿಗೆ ಟ್ರಾಫಿಕ್ ಕಂಡರೆ ಮೈಯೆಲ್ಲ ಉರಿ. (ಆ ಟ್ರಾಫಿಕ್ಕಿನಲ್ಲಿ ಅವನ ಕಾರೂ ಒಂದು ಎಂಬ ಮಾತನ್ನು ಮಾತ್ರ ಯಾರೂ ಎತ್ತಬಾರದು.) ಹಾಲು ತರಲಿಕ್ಕೂ ಕಾರು ತೆಗೆಯುವ ಈ ಮಹಾನುಭಾವ, ಭಾನುವಾರ ಹರಿಹರದಲ್ಲಿ ‘ಕಾರು ಬಿಡಿ, ಬಸ್ಸು ಹತ್ತಿ’ ಎಂದು ಭಾಷಣ ಮಾಡುವವನಿದ್ದ. (ಕಾರು ಬಿಡುವುದೆಂದರೆ ತ್ಯಜಿಸುವುದೋ, ಓಡಿಸುವುದೋ ಎಂಬುದನ್ನು ಅವನು ಬಿಡಿಸಿ ಹೇಳಿರಲಿಲ್ಲ.) ಭಾಷಣ ಮೆಚ್ಚಿದರೆ ಬಸ್ ಪ್ರಯಾಣಿಕರ ಸಂಘದ ಅಧ್ಯಕ್ಷಗಿರಿ ಅವನಿಗೇ. ಆ ಕುರ್ಚಿಗಾಗಿ ಮೂರು ವರ್ಷದಿಂದ ಬಾಯಿ ಬಿಡುತ್ತಿದ್ದ.

“ಇವತ್ತಾದ್ರೂ ನನ್ ಜೊತೆ ಬಸ್ಸಿಗೆ ಬರ್ರಿ,” ಎಂದಳು ಭಾನುವಾರ ಬೆಳಿಗ್ಗೆ ಸಭೆಗೆ ಹೊರಟ ಹೆಂಡತಿ ಲತಾ.

“ಬಸ್ಸಾ? ಜುಬ್ಬಾ ಮುದ್ದೆ ಆಗ್ತೈತೆ. ನೀ ನಡಿ, ನಾ ಹಿಂದೇ ಬರ್ತೀನಿ.”

“ಹರಿಹರ ಸ್ಟ್ಯಾಂಡಲ್ಲಿ ಸಂಘದವ್ರು ಹಾರ ಹಿಡ್ಕಂಡು ನಿಂತಿರ್ತಾರಂತೆ. ಕಾರಿಂದ ಇಳಿದ್ರೆ ಮರ್ಯಾದಿ ಏನಾಗ್ತೈತೆ?”

“ಅದಕ್ಕೆಲ್ಲ ತಲೆ ಓಡಿಸೀನಿ, ಸುಮ್ನಿರು!”

ಓಡಿಸಿದ ತಲೆ ಇಷ್ಟು: ಹರಿಹರ ಎರಡು ಕಿಲೋಮೀಟರ್ ಇರುವಾಗ ಕಾರು ನಿಲ್ಲಿಸಿ, ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಕೈ ಮುಗಿಯುತ್ತಾ ದಯಮಾಡಿಸುವುದು. ಹಾಗೇ ಬೇವಿನ ಮರದಡಿ ಕಾರು ಲಾಕ್ ಮಾಡಿದ. ಜುಬ್ಬಾದ ಜೇಬು ತೂತು. ಅಪ್ಪನ ರೂಢಿಯಂತೆ ಕೀಯನ್ನು ಟವೆಲ್ಲಿನ ಚುಂಗಿಗೆ ಗಂಟು ಹಾಕಿ ಹೆಗಲಿಗೇರಿಸಿದ.

ಬಸ್ಸು ಬಂತು. ಬಾಗಿಲ ತುಂಬ ಜನ! ಕಿಟಕಿ ಪಕ್ಕದವರು ಇಳಿಯಲು ಎದ್ದದ್ದು ಕಂಡಿತು. ಕಾಲೇಜು ದಿನಗಳ ವಿದ್ಯೆ ಕೈಗೆ ತಾನಾಗಿ ನೆನಪಾಯಿತು. ಟವೆಲ್ಲನ್ನು ಕಿಟಕಿಯೊಳಗೆ ಎಸೆದೇಬಿಟ್ಟ. ಸೀಟು ಅವನದಾಯಿತು! ಬಾಗಿಲಿಗೆ ಓಡುವಷ್ಟರಲ್ಲಿ ಕಂಡಕ್ಟರ್ “ರೈಟ್, ರೈಟ್!” ಎಂದ.

ಬಸ್ಸು ಹೋಯಿತು. ಟವೆಲ್ಲೂ ಹೋಯಿತು, ಕೀಯೂ ಹೋಯಿತು. ಫೋನು, ಪರ್ಸು? ಕಾರಿನೊಳಗೆ ಭದ್ರವಾಗಿದ್ದವು.

ಅಯ್ಯೋ, ಆ ಬಿಸಿಲೇ! ನಡೆದು ನಡೆದು ಸಭೆ ಸೇರಿದಾಗ ಹಾರ ಲತಾಳ ಕೊರಳಲ್ಲಿ, ಮೈಕು ಅವಳ ಕೈಯಲ್ಲಿ.

“ಟವೆಲ್ ನನ್ ಮುಂದಿನ ಸೀಟಿಗೆ ಬಂದು ಬಿತ್ರಿ. ನೋಡಿದ್ರೆ ನಮ್ಮನೆಯವ್ರದು! ಬಸ್ ನಿಲ್ಸಣ ಅಂದ್ಕಂಡೆ, ಸಭೆಗೆ ತಡ ಆಗ್ತೈತೆ ಅಂತ ಸುಮ್ಕಾದೆ. ಅವ್ರ ಕಾರಿನ ಕೀ ಸುದ್ದಾ ಬಸ್ಸಲ್ಲೇ ಬಂದೈತ್ರಿ. ಇದಕ್ಕಿಂತ ಇನ್ನೇನು ಭಾಷಣ ಬೇಕು?”

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅಲ್ಲೇ ಅವಳನ್ನು ಅಧ್ಯಕ್ಷೆ ಎಂದು ಸಾರಿಬಿಟ್ಟರು.

ಹನುಮೇಶ ಮೆಲ್ಲಗೆ ಕೈ ಚಾಚಿದ. “ಕೀ ಕೊಡೇ.”

ಲತಾ ಗಂಟು ಬಿಚ್ಚಿ, ಕೀಯನ್ನು ಬ್ಯಾಗಿಗೆ ಹಾಕಿಕೊಂಡು, ಬರೀ ಟವೆಲ್ ಕೈಗಿಟ್ಟಳು.

“ಅಧ್ಯಕ್ಷರ ಯಜಮಾನ್ರು ಕಾರಲ್ಲಿ ತಿರುಗಿದ್ರೆ ಜನ ಏನಂತಾರ್ರೀ? ಓಡ್ರಿ, ದಾವಣಗೆರೆ ಬಸ್ಸು ಬಂತು. ನಂಗೊಂದು ಸೀಟು ಹಿಡೀರಿ!”